ಜೊಳ್ಳುಣ್ಣುವ ಜರಡಿ

ಪೀಣ್ಯ ಎರಡನೇ ಹಂತ. ಮೇಲೆ ಮೆಟ್ರೋ, ಕೆಳಗೆ ಲೇತು,
ನಡುವಿನ ಮಹಡಿಯಲ್ಲಿ ನಮ್ಮ ಲ್ಯಾಬು.
ರೈಲು ಹಾದಾಗಲೆಲ್ಲ ಪರದೆಯ ಗೆರೆ
ಕೂದಲೆಳೆಯಷ್ಟು ನಡುಗುತ್ತದೆ.
ಅದಕ್ಕೇ ಅಳೆಯುವುದನ್ನು ನಾನು
ಎರಡು ರೈಲುಗಳ ನಡುವೆ ಇಟ್ಟುಕೊಂಡಿದ್ದೇನೆ.

ಅವರು ಕೇಳಿದ್ದು ಇಷ್ಟೇ: ಹುಣಸೆಬೀಜದಷ್ಟು ಜಾಗದಲ್ಲಿ
ಒಂದು ಜರಡಿ.
ಮೂರೂವರೆ ಗಿಗಾಹರ್ಟ್ಸ್ ಆಸುಪಾಸಿನದು ದಾಟಿಹೋಗಲಿ,
ಉಳಿದದ್ದು ಬೇಡ.
ಬೇಡ ಅನ್ನುವುದು ಸುಲಭ.
ಬೇಡವಾದದ್ದು ಎಲ್ಲಿಗೆ ಹೋಗಬೇಕು ಎಂದು
ಕೇಳಿದವರು ಕಡಿಮೆ.
ನಮ್ಮಜ್ಜಿಯ ಮೊರ ಜೊಳ್ಳನ್ನು ಗಾಳಿಗೆ ಕೊಡುತ್ತಿತ್ತು,
ಗಾಳಿ ಪಕ್ಕದ ಅಂಗಳಕ್ಕೆ,
ಪಕ್ಕದವರು ಜಗಳಕ್ಕೆ.

ನಾನು ಮೊದಲು ಮಾಡಿದ ಫಿಲ್ಟರುಗಳೂ ಹಾಗೇ,
ಬಾಗಿಲಲ್ಲೇ ತಳ್ಳಿಬಿಡುತ್ತಿದ್ದವು.
ತಳ್ಳಿಸಿಕೊಂಡ ಅಲೆ ಬಂದ ದಾರಿಯಲ್ಲೇ ಹೋಗಿ
ಕಳಿಸಿದ ಆಂಪ್ಲಿಫೈಯರಿನ ಎದೆಗೇ ಗುದ್ದುತ್ತಿತ್ತು.
ಅದು ತಬ್ಬಿಬ್ಬಾಗಿ, ಯಾರೂ ಕೇಳದ ಶ್ರುತಿಯಲ್ಲಿ
ತನ್ನಷ್ಟಕ್ಕೆ ಕೂಗತೊಡಗುತ್ತಿತ್ತು.
ಗಿರಾಕಿಗಳು ನನ್ನನ್ನು ಬೈಯುತ್ತಿದ್ದರು.
ನಾನೂ ಬಿಡುತ್ತಿರಲಿಲ್ಲ, ಬಂದದ್ದನ್ನು ಬಂದ ಹಾಗೇ
ಒಂದು ಗುಲಗಂಜಿಯೂ ಕಮ್ಮಿಯಾಗದಂತೆ
ತಿರುಗಿಸಿ ಕೊಡುತ್ತಿದ್ದೆ.

ಕಾಲು ಅಲೆಯುದ್ದದ ತಾಮ್ರದ ಗೆರೆ,
ನೇರ ಮಲಗಿಸಿದರೆ ಹಲಗೆ ಸಾಲದು.
ಸೀರೆಯ ನಿರಿಗೆ ಹಿಡಿದಂತೆ ಮಡಿಸಿದೆ.
ಮಡಿಸಿದ್ದನ್ನು ಮತ್ತೆ ಮಡಿಸಿದೆ.
ತೀರ ಹತ್ತಿರ ತಂದರೆ ಒಂದರ ಮಾತು ಇನ್ನೊಂದಕ್ಕೆ
ಗೋಡೆ ದಾಟಿ ಕೇಳಿಸುತ್ತದೆ,
ದೂರ ಇಟ್ಟರೆ ಜಾಗದ ಬೆಲೆ ಗಗನಕ್ಕೆ.
ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಎರಡು ದಾರಿ ಕೊಟ್ಟೆ.
ಬೇಕಾದದ್ದಕ್ಕೊಂದು, ಆಂಟೆನಾದವರೆಗೆ.
ಬೇಡವಾದದ್ದಕ್ಕೆ ಪಕ್ಕದ ಓಣಿ,
ಓಣಿಯ ತುದಿಯಲ್ಲಿ ಎಳ್ಳಿನಷ್ಟು ರೆಸಿಸ್ಟರು:
ಬಂದವರನ್ನು ಕೂರಿಸಿಕೊಂಡು, ಸದ್ದಿಲ್ಲದೆ
ಬಿಸಿಯಾಗಿ ಕಳೆದುಬಿಡುತ್ತದೆ.

ಕಂಪ್ಯೂಟರು ಒಪ್ಪಿತು. ಹಲಗೆ ಒಪ್ಪಲಿಲ್ಲ.
ನಾಲ್ಕು ಗಿಗಾದ ಹತ್ತಿರ ಗೆರೆ ಎದ್ದು ನಿಂತಿತು,
ಒಂಟಿ ಹಲ್ಲಿನಂತೆ.

ಗಂಗಹನುಮಯ್ಯ ಭೂತಗನ್ನಡಿ ಇಳಿಸಿ ನೋಡಿದರು.
ಮೂವತ್ತೊಂದು ವರ್ಷ ಬೆಸುಗೆ ಹಾಕಿದ ಕೈ.
"ಓಣಿ ಉದ್ದ ಆಯ್ತು ಮೇಡಂ. ಒಳಗೆ ಹೋಗಿದ್ದು
ತುದಿ ಮುಟ್ಟೋ ಮೊದ್ಲೇ ತಿರುಗ್ತಾ ಐತೆ"
ಅಂದು ಚಿಮಟದಲ್ಲಿ ರೆಸಿಸ್ಟರನ್ನು
ಅರ್ಧ ಮಿಲಿಮೀಟರು ಈಚೆಗೆ ಎಳೆದು ಕೂರಿಸಿದರು.
ರೈಲು ಹೋಗುವ ತನಕ ಕಾದೆವು.
ಗೆರೆ ಮಲಗಿತು. ಮೈನಸ್ ಹದಿನೆಂಟು, ಉದ್ದಕ್ಕೂ:
ನೂರರಲ್ಲಿ ಎರಡು ಪಾಲೂ
ಹಿಂದಕ್ಕೆ ಬರುತ್ತಿಲ್ಲ.

ಚಹಾ ಕುಡಿಯುತ್ತ ಹೆಂಡತಿಯ ಮಾತು ತೆಗೆದರು.
ರಂಗಲಕ್ಷ್ಮಿ, ನೀರಿನ ದೂರು ಕೇಳುವ ಫೋನಿನಲ್ಲಿ.
ಬೆಳಿಗ್ಗೆಯಿಂದ ಬೈಗುಳ. ಅದರೊಳಗಿಂದ ಅಡ್ಡರಸ್ತೆ,
ಮನೆ ನಂಬರು, ಎಷ್ಟು ದಿನದಿಂದ ಇಲ್ಲ,
ಅಷ್ಟನ್ನೇ ಸೋಸಿ ಮುಂದಕ್ಕೆ ಕಳಿಸುತ್ತಾಳಂತೆ.
ಮಿಕ್ಕಿದ್ದನ್ನು ಯಾರಿಗೂ ವಾಪಸು ಕೊಡುವುದಿಲ್ಲವಂತೆ.
"ಹಾಗಾದ್ರೆ ಅದು ಎಲ್ಲಿ ಹೋಗುತ್ತೆ?" ಅಂದೆ.
ಬೆಸುಗೆ ಕಡ್ಡಿಯನ್ನು ಸ್ಪಂಜಿಗೆ ಒರೆಸಿದರು, ಚುಂಯ್ ಅಂತು.
"ರಾತ್ರಿ ಅಂಗಾಲು ಕಾದಿರ್ತವೆ.
ಒಂದು ಚೊಂಬು ನೀರು ಹುಯ್ಕೋತಾಳೆ.
ನೀರು ಬಂದ ದಿನ."

ರೆಸಿಸ್ಟರಿನ ಜೊತೆ ಬರುವ ಕಾಗದದಲ್ಲಿ ಬರೆದಿರುತ್ತದೆ:
ಇಷ್ಟು ವಾಟು. ಇದಕ್ಕಿಂತ ಹೆಚ್ಚು ಹೇರಬೇಡಿ.
ವರದಿಯಲ್ಲಿ ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ.

ಸಂಜೆ ಗಿರಾಕಿಯ ಫೋನು, ತಡವಾಯಿತೆಂದು ಜೋರು.
ತಾರೀಖು ಬರೆದುಕೊಂಡೆ. ಎಷ್ಟು ಪೀಸು ಬರೆದುಕೊಂಡೆ.
ಉಳಿದದ್ದಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಮೇಲೆ ಗಡಗಡ.
"ಏನದು ಸದ್ದು?" ಅಂದ.
ರೈಲು, ಅಂದೆ.
ಕಿವಿಗೊತ್ತಿದ ಫೋನು ಕಾದಿತ್ತು.